ಬೆಲೆ ಕೇಳಿದವರಿಗೆ ಮೊದಲು ಬೆಲೆ ಹೇಳಿ, ರೀಲ್ಸ್ ಆಮೇಲೆ ಮಾಡೋಣ

ಸಣ್ಣ ವ್ಯಾಪಾರ ಮಾಡೋರ ಪೇಜ್‌ಗಳನ್ನ ನಾನು ತುಂಬಾ ನೋಡ್ತಾ ಇರ್ತೀನಿ, ಪರಿಚಯದವರು ಕೇಳಿದಾಗ ಜೊತೆಗೆ ಕೂತು ಸರಿ ಮಾಡಿಕೊಟ್ಟಿದ್ದೂ ಇದೆ. ನೋಡಿದಾಗೆಲ್ಲ ಸಂಕಟ ಆಗೋದು ಒಂದು ವಿಷಯಕ್ಕೆ. ಚೆನ್ನಾಗಿ ಹೊಲಿದಿರೋ ಬಟ್ಟೆ, ಒಳ್ಳೆ ಬೆಳಕಲ್ಲಿ ತೆಗೆದ ಫೋಟೋ, ಕೆಳಗಡೆ ಒಬ್ಬರಾದ ಮೇಲೆ ಒಬ್ಬರು "ಎಷ್ಟು?" "ರೇಟ್ ಹೇಳಿ" ಅಂತ ಕೇಳಿರ್ತಾರೆ, ಎಲ್ಲರಿಗೂ ಒಂದೇ ಉತ್ತರ: "ಇನ್‌ಬಾಕ್ಸ್ ನೋಡಿ".

ಅಲ್ಲ, ಅಷ್ಟು ಕಷ್ಟಪಟ್ಟು ಜನರನ್ನ ಅಲ್ಲಿವರೆಗೂ ಕರ್ಕೊಂಡು ಬಂದು, ಅವರು ಕೊಳ್ಳೋ ಮನಸ್ಸಲ್ಲಿ ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡದೆ ಇನ್ನೊಂದು ಕಡೆ ಕಳಿಸ್ತೀವಲ್ಲ, ಯಾಕೆ? ಪರ್ಸನಲ್ ಅಕೌಂಟ್‌ನಲ್ಲೇ ವ್ಯಾಪಾರ ಮಾಡೋರಾದ್ರೆ ಇನ್ನೂ ಕಷ್ಟ, ಪರಿಚಯ ಇಲ್ಲದವರಿಂದ ಬಂದ ಮೆಸೇಜು ಮೆಸೇಜ್ ರಿಕ್ವೆಸ್ಟ್ ಅನ್ನೋ ಫೋಲ್ಡರ್‌ಗೆ ಹೋಗಿ ಕೂತಿರುತ್ತೆ, ಎಷ್ಟೋ ಜನಕ್ಕೆ ಅಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲ. ಕೇಳಿದವರು ಎರಡು ದಿನ ಕಾದು ಬೇರೆ ಕಡೆ ತಗೊಂಡಿರ್ತಾರೆ. ಬಾಗಿಲು ತೆಗೆದಿರೋ ಅಂಗಡಿಗೆ ಬಂದು ಕೌಂಟರ್ ಹತ್ರ ನಿಂತ್ರೆ ಒಳಗೆ ಯಾರೂ ಇಲ್ಲದ ಹಾಗೆ ಇದು.

ಬೆಲೆ ಮುಚ್ಚಿಡೋಕೆ ಹೇಳೋ ಕಾರಣಗಳೂ ನಂಗೆ ಗೊತ್ತು. ಪಕ್ಕದವರು ನೋಡಿ ಕಮ್ಮಿಗೆ ಕೊಡ್ತಾರೆ ಅನ್ನೋದು ಮೊದಲನೇದು. ಅವರಿಗೆ ನಿಮ್ಮ ಬೆಲೆ ಬೇಕೇ ಬೇಕು ಅಂದ್ರೆ ಬೇರೆ ಯಾರದೋ ಫೋನಿಂದ ಮೆಸೇಜ್ ಮಾಡಿ ತಿಳ್ಕೋತಾರೆ, ಅದನ್ನ ತಡೆಯೋಕೆ ಆಗಲ್ಲ. ನೀವು ನಿಜವಾಗಿ ಮುಚ್ಚಿಡ್ತಿರೋದು ಕೊಳ್ಳೋಕೆ ಬಂದವರಿಂದ. ಇನ್ನೊಂದು, ನಮ್ಮದು ಅಳತೆ ತಗೊಂಡು ಮಾಡೋ ಕೆಲಸ, ಪ್ರತಿಯೊಂದಕ್ಕೂ ಬೆಲೆ ಬೇರೆ ಅನ್ನೋರು. ಇದು ಒಪ್ಪೋ ಮಾತೇ. ಆದ್ರೆ ಫೋಟೋದಲ್ಲಿರೋ ಮೇಜಿಗೆ ಎಷ್ಟಾಯ್ತು ಅಂತ ಹೇಳಬಹುದು, ಯಾವ ಮರ, ಎಷ್ಟು ಉದ್ದ ಅಗಲ, ಅದಕ್ಕೆ ಇಷ್ಟು, ದೊಡ್ಡದು ಬೇಕಾದ್ರೆ ಜಾಸ್ತಿ ಆಗುತ್ತೆ, ಅಷ್ಟು ಬರೆದ್ರೆ ಸಾಕು. ಓದಿದವರಿಗೆ ಇದು ನಮ್ಮ ಕೈಗೆ ಎಟುಕೋದಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತೆ, ಎಟುಕದೇ ಇರೋರು ಸುಮ್ಮನೆ ಹೋಗ್ತಾರೆ, ಅವರ ಟೈಮೂ ಉಳೀತು ನಿಮ್ಮ ಟೈಮೂ ಉಳೀತು.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ವೈರಲ್ ಆಗಬೇಕು, ಲಕ್ಷ ವ್ಯೂಸ್ ಬರಬೇಕು ಅಂತ. ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ ನಡೆಸೋ ವ್ಯಾಪಾರಕ್ಕೆ ಲಕ್ಷ ಜನ ಏನಕ್ಕೆ? ತಿಂಗಳಿಗೆ ಬೆರಳೆಣಿಕೆಯಷ್ಟು ಪೀಠೋಪಕರಣ ಮಾಡೋಕೆ ಆಗೋ ಮರಗೆಲಸದವರಿಗೆ ಅಷ್ಟು ಆರ್ಡರ್ ತುಂಬೋ ಜನ ಸಿಕ್ಕಿದ್ರೆ ಮುಗೀತು. ವಿಡಿಯೋ ನೋಡಿದ ಲಕ್ಷ ಜನರಲ್ಲಿ ಬಹುಪಾಲು ಜನ ಅವರ ಕೆಲಸ ತಲುಪೋಕೇ ಆಗದಷ್ಟು ದೂರದಲ್ಲಿ ಇರ್ತಾರೆ, ನೋಡ್ತಾರೆ, ಹಾರ್ಟ್ ಒತ್ತುತಾರೆ, ಮುಂದಿನ ವಿಡಿಯೋಗೆ ಹೋಗ್ತಾರೆ. ಅವರ ತಪ್ಪೇನೂ ಇಲ್ಲ, ಅವರು ಟೈಮ್ ಪಾಸ್‌ಗೆ ಬಂದಿದ್ದು.

ನಮ್ಮ ಮಟ್ಟದಲ್ಲಿ ಪೇಜ್ ಮಾಡೋ ನಿಜವಾದ ಕೆಲಸ ಬೇರೆ. ಯಾರೋ ಒಬ್ಬರು ಇನ್ನೊಬ್ಬರಿಗೆ "ಅವರ ಹತ್ರ ಮಾಡ್ಸು, ಚೆನ್ನಾಗಿ ಮಾಡ್ತಾರೆ" ಅಂದಿರ್ತಾರೆ. ಕೇಳಿಸಿಕೊಂಡವರು ಫೋನ್ ಮಾಡೋಕೆ ಮುಂಚೆ ಹೆಸರು ಹುಡುಕಿ ನೋಡ್ತಾರೆ. ಇವರು ಇನ್ನೂ ಕೆಲಸ ಮಾಡ್ತಿದಾರಾ, ಎಲ್ಲಿದಾರೆ, ಎಷ್ಟಾಗುತ್ತೆ, ಯಾವತ್ತು ರಜೆ, ನಂಬಬಹುದಾ ಅಂತ ನೋಡೋಕೆ ಬಂದಿರ್ತಾರೆ. ಆಗ ಕೊನೇ ಪೋಸ್ಟು ಎರಡು ವರ್ಷದ ಹಿಂದಿನದು, ಫೋನ್ ನಂಬರ್ ಹಳೇದು, ವಿಳಾಸ ಇಲ್ಲ ಅಂದ್ರೆ ಬಾಯಿಂದ ಬಾಯಿಗೆ ಬಂದ ಗಿರಾಕಿ ಬಾಗಿಲ ತನಕ ಬಂದು ವಾಪಸ್ ಹೋದ್ರು. ಹಾಗಾಗಿ ನನ್ನ ಹತ್ರ ಬಂದವರಿಗೆ ಮೊದಲು ಮಾಡ್ಸೋದು ಇದೇ ಕೆಲಸ, ಪೇಜ್ ಮೇಲ್ಗಡೆ ಇರೋ ವಿವರ ಎಲ್ಲ ಸರಿ ಮಾಡಿ, ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ಅದು ಫ್ರೀ, ಮ್ಯಾಪ್‌ನಲ್ಲಿ ಹೆಸರು, ಸಮಯ, ಫೋನ್ ನಂಬರ್ ಎಲ್ಲ ಬರುತ್ತೆ. ಬೇಜಾರು ಹಿಡಿಸೋ ಕೆಲಸ, ಯಾರೂ ಲೈಕ್ ಮಾಡಲ್ಲ. ಆದ್ರೂ ರೀಲ್ಸ್‌ಗಿಂತ ಮೊದಲು ಇದು.

ಇನ್ನು ಏನು ಪೋಸ್ಟ್ ಮಾಡೋದು ಅನ್ನೋ ಪ್ರಶ್ನೆ. ಇದರ ಉತ್ತರ ನಿಮ್ಮ ಫೋನಲ್ಲೇ ಇದೆ. ಗಿರಾಕಿಗಳು ಮೆಸೇಜಲ್ಲಿ ಪದೇ ಪದೇ ಕೇಳಿರೋ ಪ್ರಶ್ನೆಗಳನ್ನ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಸೋಪು ಮಾಡೋರಿಗೆ "ಒಣ ಚರ್ಮಕ್ಕೆ ಆಗುತ್ತಾ, ಎಷ್ಟು ದಿನ ಬರುತ್ತೆ, ಬೇಗ ಕರಗುತ್ತಲ್ಲ ಯಾಕೆ" ಅಂತ ಕೇಳ್ತಾರೆ, ಗಿಡ ಮಾರೋರಿಗೆ "ಎಲೆ ಹಳದಿ ಆಗ್ತಿದೆ ಏನ್ ಮಾಡ್ಲಿ" ಅಂತ ಕೇಳೇ ಕೇಳ್ತಾರೆ. ಒಂದೊಂದು ಪ್ರಶ್ನೆಗೂ ಒಂದೊಂದು ಪೋಸ್ಟು. ನಿಮ್ಮ ಬಾಯಲ್ಲೇ, ನೀವು ಎದುರಿಗೆ ನಿಂತವರಿಗೆ ಹೇಗೆ ಹೇಳ್ತೀರೋ ಹಾಗೆ. ಬೇರಿಗೆ ನೀರು ಜಾಸ್ತಿ ಆದ್ರೂ ಎಲೆ ಹಳದಿ ಆಗುತ್ತೆ, ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ ಅಂತ ಒಬ್ಬ ಗಿಡದವರು ಹೇಳಿದ್ರೆ ಅದನ್ನ ಜನ ಸೇವ್ ಮಾಡಿ ಇಟ್ಕೋತಾರೆ, ತಮ್ಮ ಮನೆಯವರಿಗೆ ಕಳಿಸ್ತಾರೆ. "ಶುಭ ಸೋಮವಾರ" ಅಂತ ಹೂವಿನ ಚಿತ್ರ ಹಾಕಿದ್ರೆ ಯಾರಿಗೂ ಉಪಯೋಗ ಇಲ್ಲ, ದಯವಿಟ್ಟು ಅದನ್ನ ಬಿಡಿ.

ಕೆಲಸ ನಡೀತಿರೋ ವಿಡಿಯೋ ಕೂಡ ಹಾಗೇ. ದೊಡ್ಡ ಕಂಪನಿ ಎಷ್ಟು ಖರ್ಚು ಮಾಡಿದ್ರೂ ತೋರಿಸೋಕೆ ಆಗದೇ ಇರೋದು ನಿಮ್ಮ ಹತ್ರ ಇದೆ, ಮಾಡೋ ಕೈ ಯಾರದು ಅಂತ ತೋರಿಸಬಹುದು. ಕಾಲರ್ ಒಳಗಡೆ ಹೊಲಿಗೆ ಹೇಗೆ ಹಾಕ್ತೀರಿ, ಯಾಕೆ ಎರಡು ಸಲ ಹಾಕ್ತೀರಿ, ಅದನ್ನ ಮುಕ್ಕಾಲು ನಿಮಿಷದಲ್ಲಿ ಫೋನಲ್ಲಿ ತೆಗೆದು ಹಾಕಿದ್ರೆ ನಿಮ್ಮ ಬೆಲೆ ಯಾಕೆ ಜಾಸ್ತಿ ಅನ್ನೋದಕ್ಕೆ ಬೇರೆ ಮಾತೇ ಬೇಡ. ಹಿನ್ನೆಲೆಗೆ ಹಿಟ್ ಹಾಡು ಹಾಕೋರು ಹುಷಾರು, ಬಿಸಿನೆಸ್ ಅಕೌಂಟ್‌ಗಳಿಗೆ ಎಲ್ಲ ಹಾಡು ಬಳಸೋಕೆ ಅನುಮತಿ ಇರಲ್ಲ, ಸೌಂಡ್ ಮ್ಯೂಟ್ ಮಾಡಿಬಿಡ್ತಾರೆ. ನಿಮ್ಮ ಮೆಷಿನ್ ಸದ್ದೇ ಚೆನ್ನಾಗಿರುತ್ತೆ.

ಈಗ ಜನ ಕಮ್ಮಿ ಗಮನ ಕೊಡೋ ವಿಷಯಕ್ಕೆ ಬರ್ತೀನಿ, ನಂಗೆ ಇದು ಎಲ್ಲಕ್ಕಿಂತ ಮುಖ್ಯ. ಫಾಲೋವರ್ಸ್ ನಿಮ್ಮವರಲ್ಲ. 2007ರಲ್ಲಿ ಫೇಸ್‌ಬುಕ್ ವ್ಯಾಪಾರಗಳಿಗೆ ಅಂತ ಪೇಜ್ ತಂದಾಗ, ಪೇಜ್ ಲೈಕ್ ಮಾಡಿದವರಿಗೆ ನಾವು ಹಾಕಿದ್ದು ಕಾಣುತ್ತೆ ಅನ್ನೋ ನಂಬಿಕೆ ಮೇಲೆ ಎಲ್ಲರೂ ಲೈಕ್ ಕೂಡಿಸೋಕೆ ಶುರು ಮಾಡಿದ್ರು. ಆಮೇಲೆ ಅದು ಕಮ್ಮಿ ಆಗ್ತಾ ಬಂತು, 2018ರ ಜನವರಿಯಲ್ಲಿ ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಅವರೇ ಬಹಿರಂಗವಾಗಿ ಬರೆದ್ರು, ಇನ್ನು ಮುಂದೆ ಫೀಡಲ್ಲಿ ಸ್ನೇಹಿತರು ಮನೆಯವರ ಪೋಸ್ಟು ಜಾಸ್ತಿ, ವ್ಯಾಪಾರ ಮತ್ತು ಮಾಧ್ಯಮದವರದ್ದು ಕಮ್ಮಿ ಕಾಣುತ್ತೆ ಅಂತ. ಇನ್‌ಸ್ಟಾಗ್ರಾಂ 2016ರಲ್ಲೇ ಟೈಮ್ ಪ್ರಕಾರ ತೋರಿಸೋದು ಬಿಟ್ಟು ತನ್ನ ಲೆಕ್ಕದ ಪ್ರಕಾರ ತೋರಿಸೋಕೆ ಶುರು ಮಾಡ್ತು, 2020ರಲ್ಲಿ ರೀಲ್ಸ್ ಬಂತು, ಫೋಟೋ ಹಾಕ್ತಿದ್ದವರೆಲ್ಲ ವಿಡಿಯೋ ಕಲಿಬೇಕಾಯ್ತು. ಫೇಸ್‌ಬುಕ್ ಥರಾನೇ ಇದ್ದ ಆರ್ಕುಟ್ 2014ರಲ್ಲಿ ಮುಚ್ತು, ಗೂಗಲ್ ಪ್ಲಸ್ 2019ರಲ್ಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋದವು, ಅವರದೇ ನೆಟ್‌ವರ್ಕ್ ಕೆಲಸದಲ್ಲಿ ಆದ ಎಡವಟ್ಟಿಂದ. ನಮ್ಮಲ್ಲಿ ಆಗ ರಾತ್ರಿ, ಅದೇ ಹಗಲು ಹೊತ್ತಲ್ಲಿ ಆಗಿದ್ರೆ ಗಿರಾಕಿಗಳ ನಂಬರ್ ಬರೆದಿಟ್ಟುಕೊಂಡಿದ್ದವರು ಫೋನ್ ಮಾಡಿ ವ್ಯಾಪಾರ ಮುಂದುವರಿಸಬಹುದಿತ್ತು, ಮೂರರಲ್ಲೇ ಎಲ್ಲ ಇಟ್ಟಿದ್ದವರಿಗೆ ಕಾಯೋದು ಬಿಟ್ಟು ಬೇರೆ ದಾರಿ ಇರ್ತಿರಲಿಲ್ಲ.

ಅದಕ್ಕೇ ಹೇಳೋದು, ನಿಮ್ಮ ಹತ್ರ ಒಂದ್ಸಲ ಕೊಂಡವರ ಹೆಸರು, ನಂಬರ್, ಏನು ತಗೊಂಡ್ರು, ಯಾವಾಗ ತಗೊಂಡ್ರು ಇಷ್ಟನ್ನ ಒಂದು ಪುಸ್ತಕದಲ್ಲೋ ಎಕ್ಸೆಲ್ ಶೀಟಲ್ಲೋ ಬರೆದಿಡಿ, ಮೆಸೇಜ್ ಕಳಿಸಬಹುದಾ ಅಂತ ಅವರನ್ನೇ ಕೇಳಿ ಬರೆದಿಡಿ. ವಾಟ್ಸಾಪ್ ಬಿಸಿನೆಸ್ ಆಪ್ 2018ರಿಂದ ಇದೆ, ಸಣ್ಣ ವ್ಯಾಪಾರದವರಿಗೆ ಫ್ರೀ, ಕ್ಯಾಟಲಾಗ್ ಮಾಡಿ ಬೆಲೆ ಸಮೇತ ಇಡಬಹುದು, ನೀವು ಕೆಲಸದಲ್ಲಿದ್ದಾಗ ತಾನಾಗೇ ಒಂದು ಉತ್ತರ ಹೋಗೋ ಹಾಗೆ ಸೆಟ್ ಮಾಡಬಹುದು. ಒಂದೇ ಮೆಸೇಜನ್ನ ಬಹಳ ಜನಕ್ಕೆ ಬೇರೆ ಬೇರೆಯಾಗಿ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಒಂದಕ್ಕೆ 256 ಜನ, ಅದೂ ನಿಮ್ಮ ನಂಬರನ್ನ ಅವರು ಸೇವ್ ಮಾಡಿಕೊಂಡಿದ್ರೆ ಮಾತ್ರ ತಲುಪುತ್ತೆ. ಬಹಳ ಜನ ಇದನ್ನ ತೊಂದರೆ ಅಂತಾರೆ, ನಂಗೆ ಇದು ಒಳ್ಳೇದೇ ಅನ್ಸುತ್ತೆ, ನಂಬರ್ ಸೇವ್ ಮಾಡಿಕೊಂಡಿದಾರೆ ಅಂದ್ರೆ ಅವರಿಗೆ ನೀವು ಬೇಕು ಅಂತ ಅರ್ಥ. ಅಂಥವರಿಗೆ ದಿನಾ ಆಫರ್ ಕಳಿಸಿ ಹಿಂಸೆ ಕೊಡಬೇಡಿ. ಹೊಸದೇನೋ ಬಂದಾಗ, ಅವರು ಹಿಂದೆ ತಗೊಂಡಿದ್ದು ಮುಗಿಯೋ ಹೊತ್ತಿಗೆ, ಅಷ್ಟೇ ಸಾಕು. ಗೊತ್ತಿಲ್ಲದವರನ್ನ ಹುಡುಕೋಕೆ ಹಾಕೋ ಶ್ರಮದಲ್ಲಿ ಅರ್ಧ ಇವರಿಗೆ ಹಾಕಿದ್ರೆ ವ್ಯಾಪಾರ ನೆಲೆ ನಿಲ್ಲುತ್ತೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ದುಡ್ಡು ಕೊಟ್ಟು ಬೂಸ್ಟ್ ಮಾಡೋದು, ಅಂದ್ರೆ ಪೋಸ್ಟ್ ಜಾಸ್ತಿ ಜನಕ್ಕೆ ಕಾಣೋ ಹಾಗೆ ಮಾಡೋದು, ತಪ್ಪಲ್ಲ. ಆದ್ರೆ ಒತ್ತೋಕೆ ಮುಂಚೆ ಏನು ಬೇಕು ಅಂತ ಅದು ಕೇಳುತ್ತಲ್ಲ, ಅಲ್ಲಿ ನೋಡಿ ಒತ್ತಿ. ಲೈಕ್ ಕಾಮೆಂಟ್ ಬೇಕು ಅಂತ ಆರಿಸಿದ್ರೆ ಯಾರು ಲೈಕ್ ಒತ್ತೋ ಅಭ್ಯಾಸದವರೋ ಅವರಿಗೇ ಹುಡುಕಿ ತೋರಿಸುತ್ತೆ, ಕೊಳ್ಳೋರು ಬೇರೆಯವರೇ ಇರ್ತಾರೆ. ಮೆಸೇಜ್ ಬರಲಿ ಅಂತ ಆರಿಸಿ, ನೀವು ತಲುಪಿಸೋಕೆ ಆಗೋ ದೂರಕ್ಕೆ ಮಾತ್ರ ಏರಿಯಾ ಹಾಕಿ, ಮೊದಲೇ ಚೆನ್ನಾಗಿ ಓಡಿರೋ ಪೋಸ್ಟ್‌ಗೆ ಸ್ವಲ್ಪ ದುಡ್ಡು ಹಾಕಿ ನೋಡಿ. ಮತ್ತೆ, ಬಂದ ಪ್ರತಿ ಹೊಸ ಗಿರಾಕಿಗೂ "ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು?" ಅಂತ ಒಂದು ಮಾತು ಕೇಳಿ ಬರ್ಕೊಳ್ಳಿ. ಎರಡು ಮೂರು ತಿಂಗಳಾದ ಮೇಲೆ ಆ ಪಟ್ಟಿ ನೋಡಿದ್ರೆ ಯಾವುದಕ್ಕೆ ಟೈಮ್ ಕೊಡಬೇಕು ಯಾವುದು ಬಿಡಬೇಕು ಅಂತ ನಿಮಗೇ ಗೊತ್ತಾಗುತ್ತೆ, ಯಾವ ಆಪ್‌ನ ಗ್ರಾಫೂ ಇಷ್ಟು ನೇರವಾಗಿ ಹೇಳಲ್ಲ. ಐದು ಕಡೆ ಅಕೌಂಟ್ ತೆಗೆದು ಐದೂ ಒಣಗಿಸೋದಕ್ಕಿಂತ ಒಂದೇ ಕಡೆ ಸರಿಯಾಗಿ ಇರೋದು ಎಷ್ಟೋ ಮೇಲು.

ಹತ್ತು ಸಾವಿರ ಫಾಲೋವರ್ಸ್ ಕೊಡ್ತೀವಿ ಅಂತ ಬರೋರಿಗೆ ಮಾತ್ರ ಕೈ ಮುಗಿದು ಕಳಿಸಿ. ಅವು ಮನುಷ್ಯರಲ್ಲ, ಯಾವತ್ತೂ ನಿಮ್ಮ ಹತ್ರ ಒಂದು ಗುಂಡಿನೂ ಕೊಳ್ಳಲ್ಲ. ಇನ್‌ಸ್ಟಾಗ್ರಾಂ 2014ರ ಡಿಸೆಂಬರಲ್ಲಿ ನಕಲಿ ಅಕೌಂಟ್ ತೆಗೆದಾಗ ದೊಡ್ಡ ದೊಡ್ಡ ಸೆಲೆಬ್ರಿಟಿಗಳ ಲೆಕ್ಕಾನೇ ಲಕ್ಷಗಟ್ಟಲೆ ಇಳೀತು, ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡ್ಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಕಲಿ ರಿವ್ಯೂ, ನಕಲಿ ಫಾಲೋವರ್ಸ್ ಮಾರೋದು ಕೊಳ್ಳೋದರ ಮೇಲೆ ನಿಯಮಾನೇ ತಂತು. ಒಂದು ಒಳ್ಳೆ ರಿವ್ಯೂ ಬೇಕಾದ್ರೆ ಖುಷಿಯಾಗಿ ಹೋದ ಗಿರಾಕಿಯನ್ನ ಬಾಯಿಬಿಟ್ಟು ಕೇಳಿ, ಬರೀತಾರೆ. ಕೆಟ್ಟ ರಿವ್ಯೂ ಬಂದ್ರೆ ಡಿಲೀಟ್ ಮಾಡೋಕೆ ಓಡಬೇಡಿ. ಏನಾಯ್ತು, ಏನು ಸರಿ ಮಾಡಿಕೊಡ್ತೀರಿ ಅಂತ ಎಲ್ಲರಿಗೂ ಕಾಣೋ ಹಾಗೆ ಅಲ್ಲೇ ಉತ್ತರ ಬರೀರಿ, ಜಗಳಕ್ಕೆ ಇಳೀಬೇಡಿ. ಮುಂದೆ ಬರೋ ಗಿರಾಕಿ ಆ ದೂರಿಗಿಂತ ನಿಮ್ಮ ಉತ್ತರನ ಜಾಸ್ತಿ ಗಮನ ಇಟ್ಟು ಓದ್ತಾರೆ.

ಕೊನೇದಾಗಿ ಪಾಸ್‌ವರ್ಡ್ ವಿಷಯ. ಪೇಜ್ ನೋಡ್ಕೊಳ್ಳೋಕೆ ಅಂತ ಯಾರಿಗೋ ದುಡ್ಡು ಕೊಟ್ಟು, ಪಾಸ್‌ವರ್ಡೂ ಕೊಟ್ಟು, ಅವರು ಬಿಟ್ಟು ಹೋದಾಗ ಪೇಜೇ ಕಳ್ಕೊಂಡವರ ಕಷ್ಟ ನೋಡಿದೀನಿ, ವರ್ಷಗಳ ಫೋಟೋ, ರಿವ್ಯೂ, ಎಲ್ಲ ಹೋಯ್ತು. ಪಾಸ್‌ವರ್ಡ್ ಯಾರಿಗೂ ಕೊಡೋ ಅಗತ್ಯ ಇಲ್ಲ, ಪೇಜ್ ಸೆಟ್ಟಿಂಗ್ಸ್‌ನಲ್ಲಿ ಅವರಿಗೆ ಬೇಕಾದಷ್ಟು ಅನುಮತಿ ಮಾತ್ರ ಕೊಡಬಹುದು, ಬೇಡ ಅಂದಾಗ ತೆಗೀಬಹುದು. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘನೆ ಮಾಡಿದೆ, 24 ಗಂಟೆಯಲ್ಲಿ ಡಿಲೀಟ್ ಆಗುತ್ತೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದ್ರೆ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಕದಿಯೋಕೆ ಬರೋ ಮೆಸೇಜುಗಳು ಹೀಗೇ ಇರುತ್ತೆ. ಇದನ್ನ ಓದಿದ ಮೇಲೆ ಐದು ನಿಮಿಷ ತಗೊಂಡು ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳೋ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಪೇಜಿಗೆ ಯಾರ್ಯಾರಿಗೆ ಅನುಮತಿ ಇದೆ ಅಂತ ನೋಡಿ, ಕೆಲಸ ಬಿಟ್ಟು ಹೋದವರ ಹೆಸರು ಇನ್ನೂ ಅಲ್ಲಿದ್ರೆ ಇವತ್ತೇ ತೆಗೀರಿ.