ಜರ್ಮನಿಯ ಕಾಡನ್ನು ಬೀಚ್ ಮರಕ್ಕೇ ಬಿಟ್ಟುಕೊಡಬೇಕೇ?

ಪರ

2018ರ ಬರಗಾಲದ ನಂತರ ಹಾರ್ಟ್ಸ್ ಬೆಟ್ಟಗಳ ಸೂಜಿ ಎಲೆಯ ಸ್ಪ್ರೂಸ್ ಮರಗಳಿಗೆ ತೊಗಟೆ ಹುಳು ಬಿದ್ದು ಗುಡ್ಡಕ್ಕೆ ಗುಡ್ಡವೇ ಬೋಳಾಯಿತು. ಕೆಳಗಿನ ಇಳಿಜಾರುಗಳಲ್ಲಿ ಅಗಲ ಎಲೆಯ ಬೀಚ್ ಕಡಿದು, ಗಣಿಗೆ ಮರ ಬೇಗ ಸಿಗಲೆಂದು ಸ್ಪ್ರೂಸನ್ನು ಸಾಲಾಗಿ ನೆಟ್ಟವರು ಮನುಷ್ಯರೇ. ಯಾರೂ ಕೈಹಾಕದಿದ್ದರೆ ಈ ದೇಶದ ಮೂರನೇ ಎರಡು ಭಾಗ ಬೀಚ್ ಕಾಡೇ ಆಗಿರುತ್ತಿತ್ತು. ಈಗ ಕಾಡಿನಲ್ಲಿ ಅದರ ಪಾಲು ಶೇ. 16ರ ಆಸುಪಾಸು. ಹೈನಿಖ್, ಯಾಸ್ಮುಂಡ್ ಸೇರಿ ಐದು ಹಳೆಯ ಬೀಚ್ ಕಾಡುಗಳು 2011ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಉಳಿದ ನೆಲ?

ನಾನು ತುಮಕೂರು ಕಡೆಯವಳು. ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ ಮನೆಯಿಂದ ಹೊರಗೆ ಕಾಲಿಡಲೂ ಮನಸ್ಸಾಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಪಕ್ಕದ ಮನೆಯ ಅಜ್ಜಿ ಕೈಹಿಡಿದು ಕಾಡಿಗೆ ಕರೆದೊಯ್ದರು. ಬೀಚ್ ಚಿಗುರು ಕಿತ್ತು ತಾವೂ ಬಾಯಿಗಿಟ್ಟು ನನಗೂ ಕೊಟ್ಟರು. ಎಲೆಯಂಚಿಗೆ ರೇಷ್ಮೆ ಎಳೆಯಂಥ ಬಿಳಿ ರೋಮ, ನಾಲಿಗೆಗೆ ಎಳೆ ಹುಳಿ. ನನಗೆ ಹುಣಸೆ ಚಿಗುರು ನೆನಪಾಗಿ ಕಣ್ಣು ತುಂಬಿತು. ಯುದ್ಧ ಮುಗಿದ ಹೊಸದರಲ್ಲಿ ಇದೇ ಮರದಡಿ ಬೀಜ ಆಯ್ದು ಎಣ್ಣೆ ತೆಗೆಸುತ್ತಿದ್ದೆವು ಎಂದರು ಅಜ್ಜಿ. ನಮ್ಮಜ್ಜಿ ದೀಪದೆಣ್ಣೆಗೆ ಹೊಂಗೆ ಕಾಯಿ ಆಯುತ್ತಿದ್ದರು. ಹೊಂಗೆಗೆ ಇಂಗ್ಲಿಷಿನವರು ‘ಇಂಡಿಯನ್ ಬೀಚ್’ ಎಂದು ಹೆಸರಿಟ್ಟಿದ್ದಾರೆಂದು ತಿಳಿದದ್ದು ಆಮೇಲೆ.

ಬೀಚ್ ಬರ ತಾಳದು ಎನ್ನುವವರು ಮೊದಲು ಹಾರ್ಟ್ಸ್‌ನ ಬೋಳುಗುಡ್ಡ ಹತ್ತಿ ನೋಡಿಬರಲಿ. ಅಲ್ಲಿ ಸತ್ತದ್ದು ಸ್ಪ್ರೂಸ್. ಬೀಚ್ ಈ ಮಣ್ಣಿನ ಮಗಳು, ಅವಳ ಮನೆ ಅವಳಿಗೆ ಕೊಡಿ.

ವಿರೋಧ

ಬೀಚ್ ಕಂಡರೆ ನನಗೂ ಪ್ರೀತಿಯೇ. ವಿರುದ್ಧ ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಆದರೂ ಒಂದು ಮಾತು ನಿಜಕ್ಕೂ ನನ್ನನ್ನು ಕಾಡುತ್ತದೆ: ಆ ಬರದಲ್ಲಿ ಸೊರಗಿದ್ದು ಸ್ಪ್ರೂಸ್ ಒಂದೇ ಅಲ್ಲ. ಹೈನಿಖ್‌ನಲ್ಲೇ ಎಷ್ಟೋ ಬೀಚ್ ಮರಗಳ ನೆತ್ತಿ ಒಣಗಿತು. ಅದರ ತೊಗಟೆ ತೆಳು, ನುಣುಪು. ಪಕ್ಕದ ಮರ ಉರುಳಿ ಬಿಸಿಲು ನೇರ ಬಿದ್ದರೆ ಸುಟ್ಟು ಸೀಳುತ್ತದೆ, ಸೀಳಿನಲ್ಲಿ ಅಣಬೆ ಹತ್ತುತ್ತದೆ.

ಅದರ ನೆರಳೂ ದಟ್ಟ. ಅಡಿಯಲ್ಲಿ ಓಕ್ ಸಸಿ ಮೇಲೇಳುವುದೇ ಕಷ್ಟ. ಚಿಗುರು ತಿಂದ ನೆನಪು ಚೆನ್ನಾಗಿದೆ, ಅದಕ್ಕಾಗಿ ದೇಶವೆಲ್ಲ ಒಂದೇ ಮರ ಮಾಡಲಾದೀತೇ? ಸ್ಪ್ರೂಸ್ ವಿಷಯದಲ್ಲಿ ಆದ ತಪ್ಪೂ ಅದೇ. ಓಕ್, ಮೇಪಲ್, ಲಿಂಡನ್ ನಡುವೆ ಬೀಚ್ ಕೂಡ ಇರಲಿ, ಬೇಡ ಎನ್ನುವುದಿಲ್ಲ.