ಗಂಟೆಗೆ 110 ಕಿ.ಮೀ. ಎಂಬ ಹಠ

ನಿನ್ನೆ ಜಯನಗರದಲ್ಲಿ ನಡೆದ ಮಕ್ಕಳ ರಸಪ್ರಶ್ನೆಯೊಂದರಲ್ಲಿ, ಸಮುದ್ರದ ಅತಿ ವೇಗದ ಮೀನು ಸೇಲ್‌ಫಿಶ್, ಅದರ ವೇಗ ಗಂಟೆಗೆ 110 ಕಿ.ಮೀ. ಎಂಬ ಉತ್ತರಕ್ಕೆ ಚಪ್ಪಾಳೆ ಬಿದ್ದಿತು. "ಅದನ್ನು ಅಳೆದದ್ದು ಹೇಗೆ ಸರ್?" ಎಂದು ಕೇಳಿದ ಹುಡುಗಿಯನ್ನು ಸಮಯವಿಲ್ಲವೆಂದು ಕೂರಿಸಿಬಿಟ್ಟರು. ಭೌತವಿಜ್ಞಾನದ ಪಾಠ ಹೇಳುತ್ತಲೇ ತಲೆ ನರೆತವಳು ನಾನೆಂಬುದು ನಿಮಗೆ ಗೊತ್ತೇ ಇದೆ; ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಳೆದದ್ದು ಹೀಗೆ. ಅಮೆರಿಕದ ಫ್ಲೋರಿಡಾದ ಲಾಂಗ್ ಕೀ ಎಂಬಲ್ಲಿನ ಮೀನುಗಾರಿಕಾ ಶಿಬಿರದಲ್ಲಿ, ಗಾಳಕ್ಕೆ ಸಿಕ್ಕ ಸೇಲ್‌ಫಿಶ್ ಒಂದು 3 ಸೆಕೆಂಡಿನಲ್ಲಿ ಸುಮಾರು 91 ಮೀಟರ್ ದಾರವನ್ನು ಎಳೆದುಕೊಂಡು ಹೋಯಿತು. ಅದನ್ನು ಭಾಗಿಸಿದರೆ ಗಂಟೆಗೆ 109 ಕಿ.ಮೀ. ಬರುತ್ತದೆ, ಅಷ್ಟೇ. ಮೀನು ನೀರಿನಿಂದ ಮೇಲಕ್ಕೆ ಹಾರಿದಾಗಲೂ, ದೋಣಿ ಸರಿದಾಗಲೂ ರಾಟೆಯಿಂದ ದಾರ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಈ ಲೆಕ್ಕ ಗಣನೆಗೇ ತೆಗೆದುಕೊಳ್ಳುವುದಿಲ್ಲ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಈಜುವ ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟು, ಬೇಕಾಗುವ ಸಾಮರ್ಥ್ಯ ಎಂಟು ಪಟ್ಟು ಆಗುತ್ತದೆ. ಅದಲ್ಲದೆ, ಬಾಲ ಅತಿ ವೇಗವಾಗಿ ಬೀಸಿದಾಗ ಒತ್ತಡ ಕುಸಿದು ನೀರೇ ಆವಿಯ ಗುಳ್ಳೆಗಳಾಗಿ, ಅವು ಒಡೆಯುವ ಹೊಡೆತಕ್ಕೆ ಬಾಲದ ಅಂಗಾಂಶಕ್ಕೇ ಗಾಯವಾಗುತ್ತದೆ. ಈ ಕಾರಣದಿಂದ ಸೆಕೆಂಡಿಗೆ 10ರಿಂದ 15 ಮೀಟರ್‌ಗಿಂತ ಹೆಚ್ಚಿನ ವೇಗ ಮೀನಿಗೆ ಅಸಂಭವವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೇಲ್‌ಫಿಶ್‌ನ ಸ್ನಾಯು ಎಷ್ಟು ಬೇಗ ಸಂಕುಚಿಸಬಲ್ಲುದೆಂಬುದನ್ನು ಅಳೆದು, ಅದರ ಗರಿಷ್ಠ ವೇಗವನ್ನು ಸೆಕೆಂಡಿಗೆ ಸುಮಾರು 8.3 ಮೀಟರ್, ಅಂದರೆ ಗಂಟೆಗೆ 30 ಕಿ.ಮೀ. ಎಂದು ಅಂದಾಜಿಸಿತು. ಆ ಅಧ್ಯಯನದಲ್ಲಿ ಬರಾಕುಡಾ ಸೇರಿದಂತೆ ಉಳಿದ ಮೂರು ಮೀನುಗಳನ್ನು ಹಿಂದಿಕ್ಕಿದ್ದು ಇದೇ ಸೇಲ್‌ಫಿಶ್. ಹೀಗಿದ್ದೂ ನಮ್ಮ ಮಕ್ಕಳಿಗೆ ಅದೇ 110ನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ಮಕ್ಕಳ ಬೆರಗನ್ನು ಏಕೆ ಕೆಡಿಸುತ್ತೀರಿ ಎಂದು ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನ್‌ಗಳ ಹಿಂಡಿನೊಳಗೆ ಸೇಲ್‌ಫಿಶ್ ತನ್ನ ನೀಳ ಮೂತಿಯನ್ನು ಮೆಲ್ಲನೆ ತೂರಿಸಿ, ಅವು ಬೆದರಿ ಚದುರುವ ಮುನ್ನವೇ ಪಕ್ಕಕ್ಕೆ ಬೀಸಿ ಹೊಡೆಯುತ್ತದೆ. ಜಲಚರ ಕಶೇರುಕಗಳಲ್ಲಿ ದಾಖಲಾದ ಅತಿ ತೀವ್ರ ವೇಗೋತ್ಕರ್ಷಗಳಲ್ಲಿ ಆ ಮೂತಿಯ ತುದಿಯದೂ ಒಂದು. ಇಷ್ಟು ಬೆರಗು ಸಾಲದೆಂದು ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ದುಃಖವಾಗುತ್ತದೆ.

ರಸಪ್ರಶ್ನೆ ಸಿದ್ಧಪಡಿಸುವ ಗೆಳೆಯರು ನನ್ನ ಪಟ್ಟಿಯಲ್ಲಿ ಹಲವರಿದ್ದೀರಿ. ಮುಂದಿನ ಬಾರಿ ಆ 110ನ್ನು ದಯವಿಟ್ಟು ಕೈಬಿಡಿ, ಅಳೆದದ್ದು ಹೇಗೆಂದು ಕೇಳುವ ಮಗುವಿಗೆ ಎರಡು ನಿಮಿಷ ಕೊಡಿ.