ಬೇಯುವಾಗ ಅಂಟಕ್ಕಿಗೆ ನೀರು ತಾಗಬಾರದು
ತಾಯ್ ಭಾಷೆಯಾಡುವ ಲುವೆ ಜನರ ಊಟದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿದೆ, ಆದರೆ 'ಅಂಟಕ್ಕಿಯನ್ನು ನೀರಲ್ಲಿ ಕುದಿಸುತ್ತಾರೆ' ಎಂದಿರುವುದು ತಪ್ಪು. ದಕ್ಷಿಣ ಚೀನಾದ ಸಿಪ್ಸಾಂಗ್ ಪನ್ನಾ ಇರಲಿ, ಉತ್ತರ ಲಾವೋಸ್ ಇರಲಿ, ಅದು ಬೇಯುವುದು ಬರೀ ಹಬೆಯಲ್ಲಿ, ನಮ್ಮ ಇಡ್ಲಿ ಹಾಗೆ. ಅಕ್ಕಿಯನ್ನು ರಾತ್ರಿಯೇ ನೆನೆಹಾಕಬೇಕು. ಹೊಸ ಅಕ್ಕಿಗೆ ಐದಾರು ಗಂಟೆ ನಡೆಯುತ್ತದೆ, ಹಳೆಯದಕ್ಕೆ ಹೆಚ್ಚು ಬೇಕು. ಕಡಿಮೆ ನೆನೆದರೆ ಕಾಳಿನ ನಡುವೆ ಗಟ್ಟಿ ಉಳಿಯುತ್ತದೆ, ಆಮೇಲೆ ಎಷ್ಟು ಹಬೆ ಕೊಟ್ಟರೂ ಅಷ್ಟಕ್ಕಷ್ಟೇ. ಬೆಳಿಗ್ಗೆ ನೀರು ಬಸಿದು ಬಿದಿರಿನ ಬುಟ್ಟಿಗೋ ಟೊಳ್ಳು ಮರದ ಪಾತ್ರೆಗೋ ತುಂಬಿ, ಕುದಿಯುವ ಗಡಿಗೆಯ ಬಾಯಿಗೆ ಕೂರಿಸುತ್ತಾರೆ. ಸಂದಿಗೆ ಒದ್ದೆ ಬಟ್ಟೆ ಸುತ್ತದಿದ್ದರೆ ಹಬೆಯೆಲ್ಲ ಪಕ್ಕದಲ್ಲೇ ಸೋರಿಹೋಗುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು, ನಡುವೆ ಒಮ್ಮೆ ಮೇಲಿನದು ಕೆಳಗಾಗುವಂತೆ ಮಗುಚಬೇಕು.

ಲೇಖನದಲ್ಲಿ ಬಿಟ್ಟೇಹೋದ ಮುಖ್ಯ ಹಂತ ಮುಂದಿನದು: ಬೆಂದದ್ದನ್ನು ಮರದ ತಟ್ಟೆಗೆ ಸುರಿದು, ಸಟ್ಟುಗದಿಂದ ಹರಡಿ ಹಬೆ ಹೋಗಲು ಬಿಡುವುದು. ಬಿಸಿಬಿಸಿಯಾಗಿಯೇ ಬುಟ್ಟಿಗೆ ತುರುಕಿದರೆ ಒಳಗೆ ನೀರಾಡಿ ಮುದ್ದೆಯಾಗುತ್ತದೆ. ಸರಿಯಾಗಿ ಆರಿಸಿ ಮುಚ್ಚಳದ ಹೆಣಿಗೆ ಬುಟ್ಟಿಗೆ ತುಂಬಿದರೆ ಮಧ್ಯಾಹ್ನ ಗದ್ದೆಯಲ್ಲೂ ಮೆತ್ತಗೇ ಇರುತ್ತದೆ. ಚಿಕ್ಕ ಉಂಡೆ ಹಿಚುಕಿ ಖಾರದ ಚಟ್ನಿಗೆ ಅದ್ದಿ ತಿನ್ನುವುದು. ಚಮಚದ ಗೊಡವೆಯೇ ಇಲ್ಲ.